ಮಣ್ಣಿಗೆ ಹಿಡಿದ ಕೊಡೆ

ಬಜಗೋಳಿ ದಾಟಿ, ಹೊಳೆಯ ಬದಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಕಾಪುವಿನಿಂದ ನನ್ನನ್ನು ಕರೆತಂದವಳು ತಂಗಿಯ ಮೊಮ್ಮಗಳು ನಿಶಾ. ಅವಳದ್ದು ಜಿಯಾಲಜಿ ರಿಸರ್ಚ್. ಇಲ್ಲಿನ ದರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ದಂಡೆಯಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ, ನುಣ್ಣನೆಯ ಹೊಳೆಗಲ್ಲುಗಳ ಒಂದು ಸಾಲು. ನಾಲ್ಕು ಹೆಜ್ಜೆ ಆಚೆ ಅದೇ ಸಾಲು ಮೊಣಕಾಲಿನ ಮಟ್ಟದಲ್ಲಿದೆ. ನಡುವೆ ನೆಲ ಸೀಳಿ ಸರಿದಿರಬೇಕೆಂದು ಅವಳ ಅನುಮಾನ.

"ಈ ಮರಳು ಕೊನೆಗೆ ಬಿಸಿಲು ಕಂಡದ್ದು ಯಾವಾಗ ಅಂತ ಲ್ಯಾಬಿನಲ್ಲಿ ಗೊತ್ತಾಗ್ತದೆ ಅಜ್ಜಿ. ಮತ್ತೆ ನೆಲ ಎಷ್ಟು ನಿಧಾನ ಸರಿದದ್ದು ಅಂತ ಲೆಕ್ಕ ಹಾಕಬಹುದು."

ಹೊಳೆ ಇಳಿದದ್ದೋ, ನೆಲ ಎದ್ದದ್ದೋ? ಐ ವಾಸ್ ಟೋಟಲಿ ಲಾಸ್ಟ್. ಆದರೂ ತಲೆಯಾಡಿಸಿದೆ.

ಲ್ಯಾಬಿಗೆಂದು ದರೆಗೆ ಹೊಡೆದಿದ್ದ ಪೈಪನ್ನು ನಿಶಾ ಮರಳಿನ ಸಮೇತ ಎಳೆಯುವಾಗ, ಮುಚ್ಚಿದ್ದ ಕಪ್ಪು ಬಟ್ಟೆ ಗಾಳಿಗೆ ಹಾರಿ ಹೊಳೆಗೆ ಬಿತ್ತು.

"ಅಜ್ಜಿ, ಕೊಡೆ! ಬೆಳಕು ತಾಗಿದರೆ ಎಲ್ಲ ವೇಸ್ಟ್. ನಾಳೆ ಇಲ್ಲಿ ಗೋಡೆ ಕಟ್ತಾರೆ!"

ನನ್ನ ಹಳೆಯ ಕಪ್ಪು ಕೊಡೆಯನ್ನು ದರೆಗೆ ಒತ್ತಿ ಹಿಡಿದು, ಸಂದಿಗೆಲ್ಲ ಸೆರಗು ತುರುಕಿದೆ. ಬಿಸಿಲು ನೇರ ನನ್ನ ನೆತ್ತಿಗೆ.

ನೋಡುತ್ತ ನಿಂತಿದ್ದ ಜಾಗದ ಯಜಮಾನರು ನಕ್ಕರು. "ಎಂತ ಅಮ್ಮ, ಮಣ್ಣಿಗೆ ತಲೆನೋವು ಉಂಟಾ?"

"ಡೋಂಟ್ ಡಿಸ್ಟರ್ಬ್," ಎಂದೆ.

ಕೊಡೆಯ ಕತ್ತಲಲ್ಲೇ ನಿಶಾ ಪೈಪಿನ ಬಾಯಿಗೆ ಟೇಪು ಸುತ್ತಿ, "ಸೇಫ್!" ಎಂದು ಹೊರಬಂದಳು.

ಈಗ ನೋಡಿದರೆ ನನ್ನ ಅಂಗೈಗೂ ಅದೇ ಮರಳು ಅಂಟಿದೆ. ಬಿಸಿಲು ಕಂಡಾಯಿತಲ್ಲ, ಇನ್ನು ಯಾರಿಗೂ ಬೇಡ. ಹೊಳೆ ಇಲ್ಲೇ ಉಂಟು. ಕೈ ತೊಳೆಯಲು ಮಾತ್ರ ಮನಸ್ಸು ಬರುತ್ತಿಲ್ಲ.