ಒಂದು ಮೊರ ತೌಡು

ಚೀಲದ ಮೂಲೆ ಕತ್ತರಿಸಿದ ಕೂಡಲೇ ತೌಡಿನ ವಾಸನೆ ಬಂತು. ಒಣಗಿದ, ಸ್ವಲ್ಪ ಸಿಹಿಯಾದ, ಗಂಟಲಿನ ಹಿಂದೆ ಎಣ್ಣೆಯಂತೆ ಅಂಟುವ ವಾಸನೆ. ನಾನು ಕತ್ತರಿ ಕೆಳಗಿಟ್ಟು ಹಿಂದೆ ಸರಿದೆ. ಅಡಿಗೆಮನೆಯಲ್ಲಿ ಯಾರೋ ಬಂದು ನಿಂತಂತಾಗಿತ್ತು.

ಹಿಂದಿನ ದಿನ ದುರ್ಗದಲ್ಲಿ ಡಾಕ್ಟರು ಹೇಳಿದ್ದರು, ದಿನಾ ಒಂದು ಚಮಚ ತೌಡು ಮಜ್ಜಿಗೆಯಲ್ಲಿ ಕಲಸಿ ಕುಡಿಯಿರಿ ಎಂದು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಅದಕ್ಕೂ ಮೊದಲು ಆಕೆ ನನ್ನ ಜಡೆ ಎತ್ತಿ ಕತ್ತಿನ ಹಿಂಭಾಗ ನೋಡಿ, "ಈ ಕಪ್ಪು ಪಟ್ಟಿ ಯಾವಾಗಿಂದ ಇದೆ?" ಎಂದು ಕೇಳಿದಳು. ಚಿಕ್ಕಂದಿನಿಂದ, ಅದು ಕೊಳೆ, ಅಮ್ಮ ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

"ಕೊಳೆ ಅಲ್ಲ ಇದು. ಬೊಜ್ಜಿನ ಮಕ್ಕಳಿಗೆ ಸಕ್ಕರೆ ಕಾಯಿಲೆ ಬರೋದಕ್ಕೆ ಎಷ್ಟೋ ವರ್ಷ ಮೊದಲೇ ಚರ್ಮ ಹೀಗೆ ಕಪ್ಪಾಗುತ್ತೆ. ನಿಮ್ಮ ಮೈ ಆಗಲೇ ಹೇಳಿತ್ತು. ಯಾರಿಗೂ ಗೊತ್ತಾಗಲಿಲ್ವಾ?"

ಒಬ್ಬಳಿಗೆ ಗೊತ್ತಾಗಿತ್ತು. ಅದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ. ಹೇಳುವಷ್ಟು ಖಚಿತವಾಗಿ ನೆನಪೂ ಇರಲಿಲ್ಲ. ತೌಡಿನ ಚೀಲ ಒಡೆಯುವವರೆಗೆ...

ಅವಳು ನಮ್ಮ ಪಕ್ಕದ ಮನೆಯ ಅಜ್ಜಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಪ್ಪ ಚಿಕ್ಕಜಾಜೂರಿನ ಸ್ಟೇಷನ್ನಿನ ಹೊರಗೆ ಸಣ್ಣ ಹೋಟೆಲು ಇಟ್ಟಿದ್ದ. ಅದರ ಹಿಂದಿನ ಬೀದಿಯಲ್ಲಿ ನಮ್ಮ ಮನೆ, ಒಂದು ಬೇಲಿಯಾಚೆ ಕುರಿ ಸಾಕುವ ಅಜ್ಜಿಯ ಮನೆ. ಅವಳ ಮಗ, ನನ್ನ ಪಾಲಿಗೆ ಅಣ್ಣ, ಮಂದೆಯ ಹಿಂದೆ ಅಲೆಯುತ್ತಿದ್ದ. ಅವಳು ಮನೆಯಲ್ಲಿದ್ದು ಪ್ರತಿವರ್ಷ ಒಂದೇ ಒಂದು ಟಗರನ್ನು ಕಟ್ಟಿಹಾಕಿ ಕೊಬ್ಬಿಸುತ್ತಿದ್ದಳು.

ನಾನು ಹುಟ್ಟುವ ಮೊದಲು ಅಮ್ಮನ ಎರಡು ಮಕ್ಕಳು ಸೊರಗಿ ಸೊರಗಿ ತೀರಿಹೋಗಿದ್ದವು. ಹಾಗಾಗಿ ನಾನು ಹುಟ್ಟಿದಾಗ ಹಳೇ ಬಟ್ಟೆಯಲ್ಲಿ ಸುತ್ತಿ ತಿಪ್ಪೆಯ ಮೇಲೆ ಮಲಗಿಸಿದರು. ಏನೂ ತಿಳಿಯದವಳಂತೆ ಆ ದಾರಿಯಲ್ಲಿ ಬಂದ ಅಜ್ಜಿ, "ಅಯ್ಯೋ, ಯಾರ್ದೋ ಮಗು ತಿಪ್ಪೆ ಮ್ಯಾಲೆ ಬಿದ್ದೈತಲ್ಲ!" ಎಂದು ಕೂಗಿ ನನ್ನನ್ನು ಎತ್ತಿಕೊಂಡು ಮನೆಗೆ ಹೋದಳು. ಆಮೇಲೆ ಅಮ್ಮ ಒಂದು ಮೊರ ತೌಡು ಕೊಟ್ಟು ಅವಳಿಂದ ನನ್ನನ್ನು ಕೊಂಡುಕೊಂಡಳು. ಹೆತ್ತ ಮಗುವಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು, ತೌಡಿಗೆ ಕೊಂಡದ್ದು ಎಂದಾದರೆ ಸಾವು ಮೋಸಹೋಗಿ ಮುಂದಿನ ಮನೆಗೆ ಹೋಗುತ್ತದೆ ಎಂಬ ನಂಬಿಕೆ. ನಮ್ಮ ಕಡೆ ಎಷ್ಟೋ ಮಕ್ಕಳು ಹೀಗೆ ಉಳಿದವರು. ಆ ತೌಡನ್ನು ಅಜ್ಜಿಯ ಟಗರು ತಿಂದಿತು.

ಈ ವ್ಯಾಪಾರದಿಂದಾಗಿ ನನಗೆ ಎರಡು ಮನೆಗಳಾದವು. ಅಮ್ಮ ಆ ಮನೆಯಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ. ನಮ್ಮ ಜನ ಬೇರೆ, ಅವರ ಜನ ಬೇರೆ. ನಾನು ಮಾತ್ರ ಉಣ್ಣಬಹುದಿತ್ತು, ಅಜ್ಜಿಯ ಕೈಗೆ ಸಿಕ್ಕಿದವಳಲ್ಲವೇ! ಬೆಳಿಗ್ಗೆ ಎದ್ದರೆ ಬೇಲಿಯ ಸಂದಿಯಲ್ಲಿ ಅವಳ ದನಿ.

"ಬಾರೇ ನನ್ ಟಗರೇ. ಕುಂತ್ಕ."

ರಾಗಿ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ, ಎಮ್ಮೆಹಾಲಿನ ಕೆನೆ, ಬೆಲ್ಲ ಹಾಕಿ ಕುಟ್ಟಿದ ಶೇಂಗಾ ಉಂಡೆ. ಅಲ್ಲಿ ತಿಂದು ಬಂದರೆ ಇಲ್ಲಿ ಅಮ್ಮ ತಟ್ಟೆ ಹಿಡಿದು ಕಾಯುತ್ತಿದ್ದಳು. ಪಕ್ಕದ ಮನೆಯವಳಿಗಿಂತ ಒಂದು ತುತ್ತು ಕಡಿಮೆ ಉಣಿಸಿದರೆ ತಾನು ತಾಯಿಯೇ ಅಲ್ಲ ಎಂಬಂತೆ. ಸಂಜೆ ಅಪ್ಪ ಹೋಟೆಲಿನಲ್ಲಿ ಮಿಕ್ಕ ಬೋಂಡಾ, ಮೈಸೂರುಪಾಕು ಪೇಪರಿನಲ್ಲಿ ಕಟ್ಟಿ ತರುತ್ತಿದ್ದ. "ಹೋಟ್ಲಿನವನ ಮಗಳು ಸಣ್ಣಗಿದ್ರೆ ಗಿರಾಕಿ ಬರ್ತಾರೇನ್ರಿ?" ಎಂಬುದು ಅವನ ನಿತ್ಯದ ತಮಾಷೆ.

ತಿಂದದ್ದು ಕರಗಲು ದಾರಿಯಿರಲಿಲ್ಲ. ಬೀದಿಯಲ್ಲಿ ಆಡಿದರೆ ದೃಷ್ಟಿಯಾಗುತ್ತದೆ, ಬಿದ್ದರೆ ಎಂಬ ಭಯ, ಬಿಸಿಲಿನ ಭಯ. ಶಾಲೆಗೂ ಅಪ್ಪನ ಸೈಕಲ್ ಕ್ಯಾರಿಯರ್ ಮೇಲೆ. ನನಗೆ ಏಳು ತುಂಬಿದ ವರ್ಷ ಮಳೆ ಕೈಕೊಟ್ಟು ನನ್ನ ಓರಗೆಯ ಮಕ್ಕಳು ತಟ್ಟೆ ಹಿಡಿದು ಗಂಜಿಗೆ ಸಾಲು ನಿಲ್ಲುತ್ತಿದ್ದರು. ಅವರ ಪಕ್ಕೆಲುಬು ಎಣಿಸಬಹುದಿತ್ತು. ನನ್ನನ್ನು ಕಂಡವರು ಅಮ್ಮನಿಗೆ, "ಇಂಥ ಬರದಾಗೆ ಎಂಥಾ ಮಗೀನ ಸಾಕೀಯ ತಾಯಿ!" ಎನ್ನುತ್ತಿದ್ದರು. ಅಮ್ಮ ನನ್ನ ಕೆನ್ನೆಗೆ ಮತ್ತೊಂದು ಕಪ್ಪು ಬೊಟ್ಟು ಇಡುತ್ತಿದ್ದಳು.

ಶಾಲೆಯಲ್ಲಿ ಬೇರೆಯೇ ಮಾತು. ನಾನು ಬಾಗಿಲಿಗೆ ಬಂದರೆ ಹಿಂದಿನ ಸಾಲಿನ ರೈಲ್ವೆ ಕ್ವಾರ್ಟರ್ಸಿನ ಹುಡುಗರು ಕೂಗುತ್ತಿದ್ದರು. "ಲೇ, ಗೇಟ್ ಹಾಕ್ರಲೇ! ಗೂಡ್ಸು ಬಂತು!" ಚಕ್ಕಳಮಕ್ಕಳ ಕುಳಿತವಳಿಗೆ ಎದ್ದೇಳಲು ಯಾರಾದರೂ ಕೈ ಕೊಡಬೇಕಿತ್ತು. ತೊಡೆಗಳು ಉಜ್ಜಿ ಹುಣ್ಣಾಗಿ ರಾತ್ರಿಯೆಲ್ಲ ಉರಿಯುತ್ತಿದ್ದವು. ಮಲಗಿದರೆ ಗೊರಕೆ, ಉಸಿರು ನಡುವೆ ನಿಂತಂತಾಗಿ ಬೆಚ್ಚಿ ಏಳುತ್ತಿದ್ದೆ. ಅದನ್ನೂ ಎಲ್ಲರೂ ದೃಷ್ಟಿ ಎಂದರು.

ಅಜ್ಜಿಗೆ ಒಂದು ಅಭ್ಯಾಸವಿತ್ತು. ಟಗರಿನ ಸೊಂಟದ ಮೇಲೆ ಅಂಗೈ ಊರಿ ಬೆರಳುಗಳಿಂದ ಒತ್ತುತ್ತಿದ್ದಳು. ಬೆನ್ನುಮೂಳೆ ಬೆರಳಿಗೆ ಸಿಕ್ಕರೆ ಟಗರು ಇನ್ನೂ ತಯಾರಾಗಿಲ್ಲ. ಸಿಗದಿದ್ದರೆ ಸಂತೆಗೆ ಸಿದ್ಧ. ಅದನ್ನು ಅವಳು ನಡೆಯಲು ಬಿಡುತ್ತಿರಲಿಲ್ಲ. ನಡೆದರೆ ಮೈ ಕರಗುತ್ತದೆ. ಹುರುಳಿ, ಶೇಂಗಾ ಹಿಂಡಿ, ತೌಡು ಎಲ್ಲವೂ ನಿಂತಲ್ಲಿಗೇ. ಟಗರಿನ ಬೆನ್ನು ಒತ್ತಿದ ಅದೇ ಕೈಯಿಂದ ನನ್ನ ಬೆನ್ನನ್ನೂ ಒತ್ತುತ್ತಿದ್ದಳು. "ಮೂಳೆ ಸಿಗ್ತಾನೇ ಇಲ್ಲ ನೋಡು!" ಎಂದು ಬೇಲಿಯಾಚೆಯ ಅಮ್ಮನಿಗೆ ಕೇಳುವಂತೆ ಕೂಗುತ್ತಿದ್ದಳು. ನನಗೆ ಪರೀಕ್ಷೆಯಲ್ಲಿ ಪಾಸಾದ ಹೆಮ್ಮೆ.

ಆ ವರ್ಷದ ಟಗರು ಸತ್ತಿತು.

ಇಲ್ಲಿ ನನ್ನ ನೆನಪು ಎರಡಾಗಿದೆ. ಒಂದರಲ್ಲಿ ಟಗರು ನನ್ನ ಕಣ್ಣೆದುರೇ ಮುಂಗಾಲು ಮಡಿಸಿ ಕುಸಿಯುತ್ತದೆ. ಇನ್ನೊಂದರಲ್ಲಿ ನಾನು ಹೋಗುವ ಹೊತ್ತಿಗೆ ಅದು ಸತ್ತು ಬಿದ್ದಿದೆ, ಬಾಯಲ್ಲಿ ನೊರೆ. ಯಾವುದು ನಿಜವೋ. ಎರಡರಲ್ಲೂ ನನ್ನ ಕೈಯಲ್ಲಿ ಶೇಂಗಾ ಉಂಡೆ ಇದೆ.

ದಿಢೀರನೆ ಸತ್ತ ಕುರಿಯನ್ನು ಬಗೆದು ನೋಡುವುದು ಅವರ ಪದ್ಧತಿ. ಮಂದೆಗೆಲ್ಲ ಹರಡುವ ರೋಗವೇ ಎಂದು ತಿಳಿಯಬೇಕು. ಮಂದೆ ಬಿಟ್ಟು ಓಡಿಬಂದ ಅಜ್ಜಿಯ ಮಗ ಅಂಗಳದಲ್ಲೇ ಕುಳಿತು ಚೂರಿ ಹಾಕಿದ. ಅಜ್ಜಿ ಅವನ ಭುಜದ ಮೇಲಿಂದ ಬಗ್ಗಿದ್ದಳು. ನಾನು ಅವಳ ಸೀರೆ ಹಿಡಿದು ನಿಂತಿದ್ದೆ.

"ಅವ್ವಾ, ಇಲ್ನೋಡು," ಎಂದ ಅವನು. ಅವನ ದನಿ ಸಣ್ಣದಾಗಿತ್ತು. "ಗುಂಡಿಗೇನೇ ಕಾಣ್ತಿಲ್ಲ."

ಒಳಗೆಲ್ಲ ಬೆಳ್ಳಗಿತ್ತು. ನಾನು ಕೆಂಪು ಕಾಣುತ್ತದೆ ಎಂದುಕೊಂಡಿದ್ದೆ. ಮೇಣದಂಥ, ಬೆಣ್ಣೆಯಂಥ ಬಿಳಿ. ಕರುಳಿನ ಮೇಲೆ, ಮೂತ್ರಪಿಂಡದ ಸುತ್ತ, ಎದೆಯೊಳಗೆ. ಅಣ್ಣ ಬೆರಳಿನಿಂದ ಅದನ್ನು ಸುಲಿದು ಸುಲಿದು ಗುಂಡಿಗೆಯನ್ನು ಹುಡುಕಬೇಕಾಯಿತು. "ಉಸ್ರಾಡಾಕೂ ಜಾಗ ಇಟ್ಟಿಲ್ವಲ್ಲವ್ವ ಇದಕ್ಕೆ," ಎಂದ. ಕಾಳು ಅತಿಯಾಗಿ ತಿಂದೇ ಸತ್ತಿರಬಹುದು, ಬೇರೆ ಕಾರಣವೂ ಇರಬಹುದು. ಅಜ್ಜಿ ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು.

ನಾನು ಉಂಡೆಯನ್ನು ಬಾಯಿಗಿಡುತ್ತಿದ್ದೆ. ಅವಳು ಫಟ್ಟನೆ ನನ್ನ ಕೈಗೆ ಹೊಡೆದಳು. ಉಂಡೆ ಹಾರಿ ಟಗರಿನ ಪಕ್ಕ ಬಿದ್ದು ಒಡೆಯಿತು.

ಆ ಏಟು ಈಗಲೂ ಮಣಿಕಟ್ಟಿನಲ್ಲಿದೆ. ನೋವಾಗಿತ್ತು ಎಂದಲ್ಲ. ಹುಟ್ಟಿದಾಗಿನಿಂದ ನನ್ನ ಬಾಯಿಗೆ ಇಡುವುದನ್ನಷ್ಟೇ ತಿಳಿದಿದ್ದ ಕೈ ಅದು. ಅಳಲೂ ತೋಚದೆ ನಿಂತೆ. ಅಜ್ಜಿ ಮಂಡಿಯೂರಿ ನನ್ನ ಲಂಗದ ಪಟ್ಟಿಯ ಮೇಲೆ ಕೈಯಿಟ್ಟು ಬೆನ್ನು ಒತ್ತತೊಡಗಿದಳು. ಒತ್ತಿದಳು, ಇನ್ನೂ ಗಟ್ಟಿಯಾಗಿ ಒತ್ತಿದಳು.

"ಮೂಳೆ ಎಲ್ಲೈತೋ... ಮೂಳೆ ಎಲ್ಲೈತೋ ಇದ್ರದ್ದು..."

ಮರುದಿನ ಬೇಲಿಯ ಸಂದಿಯಲ್ಲಿ ರೊಟ್ಟಿಯಿರಲಿಲ್ಲ, ಬೆಣ್ಣೆಯಿರಲಿಲ್ಲ. ಕೈಯಲ್ಲಿ ಕೋಲು ಹಿಡಿದ ಅಜ್ಜಿಯಿದ್ದಳು. "ಬಾರೇ, ಹೋಗಾಣ." ಕೆರೆಯ ಏರಿಯ ಮೇಲೆ ಮಂದೆಯ ಹಿಂದೆ ನಡೆಸಿದಳು. ನಾನು ಅತ್ತೆ, ಕುಳಿತೆ, ಎತ್ತಿಕೋ ಎಂದೆ. ಅವಳು ದೂರ ನಿಂತು ಕಾದಳೇ ಹೊರತು ಎತ್ತಿಕೊಳ್ಳಲಿಲ್ಲ. ಅತ್ತು ಮುಗಿದ ಮೇಲೆ ಗಡಿಗೆಯಿಂದ ತಿಳಿ ಅಂಬಲಿ ಸುರಿದು ಕೊಟ್ಟಳು. ಒಂದು ದಿನ ಮರಿಯೊಂದು ನನ್ನ ಲಂಗ ಕಚ್ಚಿಕೊಂಡು ಓಡಿತು, ನಾನೂ ಅದರ ಹಿಂದೆ ಓಡಿದೆ. ಓಡಿದೆ! ಉಸಿರು ಸಿಕ್ಕಿಕೊಂಡು ನಿಂತಾಗ ಅಜ್ಜಿ ಬಾಯಿಗೆ ಸೆರಗು ಹಿಡಿದಿದ್ದಳು. ನಗುತ್ತಿದ್ದಳೋ, ಅಳುತ್ತಿದ್ದಳೋ...

ನಾನು ಅಜ್ಜಿಯ ಮನೆಯಲ್ಲಿ ಕುಳಿತು ತಿನ್ನುತ್ತಿದ್ದೇನೆ ಎಂದೇ ಅಮ್ಮ ತಿಳಿದಿದ್ದಳು. ಕಾಲಿಗೆ ಹೊಕ್ಕ ಜಾಲಿಮುಳ್ಳು ಗುಟ್ಟು ಹೇಳಿತು. ಬಿಸಿಲಿಗೆ ಸುಟ್ಟ ನನ್ನ ಮುಖ, ಹರಿದ ಅಂಗಾಲು ನೋಡಿ ಅಮ್ಮ ಬೇಲಿಯ ಬಳಿ ಹೋಗಿ ಕಿರುಚಿದಳು. "ನನ್ ಮಗಳನ್ನ ಕುರಿ ಕಾಯಾಕೆ ಹಚ್ಚೀಯೇನಜ್ಜಿ? ಒಂದು ರೊಟ್ಟಿ ಹಾಕಾಕೆ ಆಗದಷ್ಟು ಬಡತನ ಬಂತಾ ನಿಂಗೆ?"

ಸ್ವಲ್ಪ ಹೊತ್ತಿಗೆ ಅಜ್ಜಿ ಬೀದಿ ಸುತ್ತಿಕೊಂಡು ನಮ್ಮ ಮುಂಬಾಗಿಲಿಗೆ ಬಂದಳು. ತಲೆಯ ಮೇಲೆ ಮೊರ. ಅದನ್ನು ಇಳಿಸಿ ಹೊಸಿಲಿನ ಮೇಲಿಟ್ಟಳು. ಮೊರದ ತುಂಬ ತೌಡು.

"ಏನಿದು?" ಎಂದಳು ಅಮ್ಮ.

"ನೀನು ಕೊಟ್ಟಿದ್ದೇ ಕಣವ್ವ. ಆವತ್ತಿಂದು ಟಗರು ತಿಂತು, ಇದು ಹೊಸದು. ಅಳತೆ ಕಡಿಮೆ ಆಗಿದ್ರೆ ಹೇಳು. ತೌಡು ತಗ, ನನ್ ಮಗೀನ ನಂಗೆ ಕೊಡು."

ಅಮ್ಮನ ಮುಖದ ರಕ್ತ ಇಳಿದದ್ದು ನಾನು ಕಂಡೆ. ಬೇಲಿಯ ಬಳಿ ಕಿರುಚಿದ ಹೆಂಗಸೇ ಅಲ್ಲ ಅವಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಜ್ಜೀ... ಯಾಪಾರ ಮುರಿದ್ರೆ ಅದಕ್ಕೆ ಗೊತ್ತಾಗಲ್ವಾ? ಆ ಎರಡರ ದಾರೀನ ಇದಕ್ಕೂ ತೋರಿಸ್ತೀಯಾ? ನಿನ್ ಕಾಲಿಗೆ ಬೀಳ್ತೀನಿ, ಎತ್ತು, ಮೊರ ಎತ್ತು."

"ಸಾವು ತಿಪ್ಪೆ ತಾವ ಕಾಯ್ಕಂಡು ಕುಂತಿಲ್ಲ ತಾಯಿ," ಎಂದಳು ಅಜ್ಜಿ, ತೀರ ಮೆಲ್ಲಗೆ. "ನಿನ್ನ ಒಲೆ ತಾವ ಕುಂತೈತೆ. ನನ್ನ ಒಲೆ ತಾವಾನೂ ಕುಂತಿತ್ತು. ನಾನೇ ಮಣೆ ಹಾಕಿದ್ದೆ."

ಅಮ್ಮ ಬಾಗಿಲು ಹಾಕಿದಳು. ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುಳಿತಳು. ನಾನು ಅಜ್ಜಿ ಬೇಕೆಂದು ಗಟ್ಟಿಯಾಗಿ ಅಳತೊಡಗಿದೆ. ಅಪ್ಪ ತಂದಿಟ್ಟಿದ್ದ ಪೊಟ್ಟಣವನ್ನು ಅಮ್ಮ ಬಿಚ್ಚಿ ಮೈಸೂರುಪಾಕಿನ ತುಂಡನ್ನು ನನ್ನ ಬಾಯಿಗಿಟ್ಟಳು. ಅಳು ನಿಂತಿತು. ಮತ್ತೊಂದಿಟ್ಟಳು. ಹೊರಗೆ ಅಜ್ಜಿ ಎಷ್ಟು ಹೊತ್ತು ನಿಂತಿದ್ದಳೋ, ಮೊರ ಎತ್ತಿಕೊಂಡು ಹೋದಳೋ, ತೌಡು ಅಲ್ಲೇ ಚೆಲ್ಲಿತೋ, ನನಗೆ ಗೊತ್ತಿಲ್ಲ.

ಬೇಲಿಯ ಸಂದಿಗೆ ಅಪ್ಪ ಜಾಲಿಮುಳ್ಳು ಬಡಿದ. ಬೇಸಿಗೆಗೆ ಅಜ್ಜಿ, ಅವಳ ಮಗ ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಕಡೆ ಹೋದರು. ಅವರು ಮರಳುವ ಮೊದಲೇ ಅಪ್ಪ ಹೋಟೆಲು ಮುಚ್ಚಿ ಹಿರಿಯೂರಿನ ಹೆದ್ದಾರಿಗೆ ಬಂದ. ಅಲ್ಲಿ ಲಾರಿಗಳು ಹೆಚ್ಚು, ವ್ಯಾಪಾರ ಹೆಚ್ಚು, ಸಂಜೆಯ ಪೊಟ್ಟಣ ದೊಡ್ಡದು. ಅಜ್ಜಿ ಯಾವಾಗ ತೀರಿಕೊಂಡಳೋ. ಯಾರೋ ಯಾವುದೋ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು ಹೇಳಿದರು, ನಾನು ಹೌದಾ ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಅಮ್ಮನ ಕೊನೆಯ ವರ್ಷದಲ್ಲಿ ಇದನ್ನೆಲ್ಲ ಕೇಳಿದ್ದೆ. "ಯಾವ ವಾಪಸು? ಟಗರು ಸತ್ತಿತ್ತಲ್ಲ, ಮಿಕ್ಕಿದ ತೌಡು ಹಾಳಾಗ್ತದೆ ಅಂತ ಕೊಡಾಕೆ ಬಂದಿದ್ಲು," ಎಂದಳು. ಇರಬಹುದು. ನನ್ನ ನೆನಪು ತನಗೆ ಬೇಕಾದಂತೆ ಮಾತು ಜೋಡಿಸಿಕೊಂಡಿರಬಹುದು. ಆದರೆ ಆಮೇಲೆ ಅಮ್ಮ ಗೋಡೆ ಕಡೆ ಹೊರಳಿ, "ಬಾಗ್ಲು ಹಾಕಬಾರದಾಗಿತ್ತು," ಎಂದಳು. ಮಿಕ್ಕಿದ ತೌಡು ಕೊಡಲು ಬಂದವರ ಮುಖಕ್ಕೆ ಯಾರು ಬಾಗಿಲು ಹಾಕುತ್ತಾರೆ?

ಮೊನ್ನೆ ಮತ್ತೆ ದುರ್ಗಕ್ಕೆ ಹೋದಾಗ ಡಾಕ್ಟರು ನನ್ನ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ, ಇದು ನಿಮ್ಮ ಲಿವರ್. ಇಷ್ಟು ಬೆಳ್ಳಗೆ ಕಾಣಬಾರದು. ಎಲ್ಲಾ ಕೊಬ್ಬು," ಎಂದರು. ನಾನು ಆ ಬಿಳಿಯನ್ನು ನೋಡಿದೆ. ಮಂಚದಿಂದ ದಡಕ್ಕನೆ ಎದ್ದು ಕೂತೆ. ನರ್ಸ್ ಹುಡುಗಿ, "ಯಾಕಮ್ಮ, ತಲೆ ಸುತ್ತುತ್ತಾ?" ಎಂದು ತೋಳು ಹಿಡಿದಳು. ಅಂಗಳದಲ್ಲಿ ಚೂರಿ ಹಿಡಿದು ಕುಳಿತ ಆ ಅಣ್ಣನ ದನಿ ಕೇಳಿತ್ತು ನನಗೆ. ಅಷ್ಟು ಹತ್ತಿರದಲ್ಲಿ.

ಇದನ್ನು ಬರೆಯುತ್ತಿರುವಾಗ ಬಲಗೈ ತಾನಾಗಿ ಬೆನ್ನಿಗೆ ಹೋಗುತ್ತದೆ. ಮೂಳೆ ಸಿಗುತ್ತದೆಯೇ ಎಂದು ಒತ್ತಿ ನೋಡುತ್ತೇನೆ. ಇಲ್ಲ. ನಾನು ಬೇಕೆಂದು ಮೊರ ಹೊತ್ತು ಬಂದವಳು ಅವಳೊಬ್ಬಳೇ. ಇನ್ನು ಯಾರೂ ಬರುವುದಿಲ್ಲ.

ಮಜ್ಜಿಗೆಗೆ ಒಂದು ಚಮಚ ತೌಡು ಹಾಕಿ ಕಲಸಿದೆ. ಅದು ಕರಗಲಿಲ್ಲ, ಮೇಲೆ ತೇಲಿತು. ಬೀದಿಬಾಗಿಲು ಪೂರ್ತಿ ತೆರೆದಿಟ್ಟು, ಹೊಸಿಲಿನ ಮೇಲೆ ಕುಳಿತು ಕುಡಿದೆ.