ನಮ್ಮಾಯಿಯ ವಿರುದ್ಧ ಸೈತಾನನ ವಕಾಲತ್ತು

ನಮ್ಮಾಯಿ ತೀರಿಕೊಂಡ ಮೂರನೆಯ ದಿನದಿಂದಲೇ ಆಕೆಯ ಸ್ವಭಾವ ಸುಧಾರಿಸತೊಡಗಿತು. ಎಂಬತ್ತು ದಾಟುವವರೆಗೆ ಬದುಕಿದ್ದರೂ ಆಗದಿದ್ದ ಕೆಲಸ ಅದು. ಮಾತಾಡಿಸಿ ಹೋಗಲು ಬಂದವರೆಲ್ಲ ಆಕೆಯ ಒಂದೊಂದು ದುರ್ಗುಣವನ್ನು ಕಳಚಿಕೊಂಡು ಹೋದರು. "ಒಂದಿನಾನೂ ಸಿಟ್ಟಿಗೆದ್ದಾಕಿ ಅಲ್ಲ ನೋಡ್ರಿ" ಎಂದರು ಒಬ್ಬರು. ಆಯಿ ಸೌಟು ಹಿಡಿದು ಅಂಗಳದಾಚೆಗೆ ಅಟ್ಟಿದ್ದು ಅವರನ್ನೇ. "ಬಾಯಿ ಅಂಬೋದು ಇರಲಿಲ್ಲ ಆಕಿಗೆ" ಎಂದರು ಮತ್ತೊಬ್ಬರು. ಆ ಇಲ್ಲದ ಬಾಯಿ ಶಹಾಪುರದ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ತಿಂಗಳು ತುಂಬುವ ಹೊತ್ತಿಗೆ ಆಕೆ ಎಷ್ಟು ಶಾಂತಳೂ ಸಹನಶೀಲಳೂ ಆಗಿಬಿಟ್ಟಿದ್ದಳೆಂದರೆ, ನನಗಂತೂ ಗುರುತು ಸಿಗದಂತಾಯಿತು.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ನಮ್ಮಪ್ಪನ ತಾಯಿ, ಹೆಸರು ಮಾರ್ತಮ್ಮ. ಗುರುಮಠಕಲ್ ಕಡೆಯ ಹೆಣ್ಣು. ಮದುವೆಯಾಗಿ ಶಹಾಪುರಕ್ಕೆ ಬಂದು, ಕನ್ಯಾಸ್ತ್ರೀಯರು ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತ ಬಾಳು ಕಳೆದವಳು. ಕಟ್ಟಾ ಕಥೋಲಿಕಳು. ಚರ್ಚಿನ ಬೆಳಗಿನ ಪೂಜೆಯನ್ನು ತಾನು ತಪ್ಪಿಸುತ್ತಿರಲಿಲ್ಲ, ಸಂಜೆಯ ಜಪಸರವನ್ನು ಮನೆಯಲ್ಲಿ ಯಾರಿಗೂ ತಪ್ಪಿಸಲು ಬಿಡುತ್ತಿರಲಿಲ್ಲ. ದೇವರ ಜೊತೆ ಕನ್ನಡದಲ್ಲಿ ಮಾತು, ಸಂತರಿಗೆ ತೆಲುಗಿನಲ್ಲಿ ಬೈಗುಳ, ಕಾಯಿಪಲ್ಯದವರ ಜೊತೆ ಉರ್ದುವಿನಲ್ಲಿ ಚೌಕಾಶಿ. ಮೂರು ಕಡೆಯೂ ಆಕೆ ಸೋತದ್ದನ್ನು ಕಂಡವರಿಲ್ಲ.

ನಾನು ಮೊಮ್ಮಗಳು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು, ಪುರಾವೆ ಕೇಳದೆ ತುತ್ತನ್ನೂ ನುಂಗದವಳು ಎಂದು ಮನೆಯವರ ದೂರು. ದೇವರಿದ್ದಾನೆ ಎಂಬ ಪಕ್ಷಕ್ಕೆ ಸಾಕ್ಷ್ಯ ಸಾಲದು ಎಂದು ಹದಿನಾರನೇ ವಯಸ್ಸಿಗೇ ಆಯಿಯ ಮುಂದೆ ತೀರ್ಪು ಕೊಟ್ಟಿದ್ದೆ. ಆಕೆ ಜಪಸರದಿಂದ ಕಣ್ಣೆತ್ತದೆ, "ನಂಬಬ್ಯಾಡ ಬಿಡು, ಮೊಣಕಾಲರ ಊರು" ಎಂದಿದ್ದಳು. ಊರಿದೆ. ನಂಬಿಕೆಯಿಲ್ಲದವರ ಮೊಣಕಾಲೂ ಅಷ್ಟೇ ನೋಯುತ್ತದೆಂಬುದು ನನ್ನ ಸ್ವಂತ ಸಂಶೋಧನೆ.

ತಿಂಗಳ ಪೂಜೆಯಾದ ಮೇಲೆ ಆಯಿಯ ಬಗ್ಗೆ ನಾಲ್ಕು ಮಾತು ಹೇಳು ಎಂದು ಫಾದರ್ ನನಗೇ ಹೇಳಿದರು. ಕೂಡಲೇ ರೋಜಿ ಅತ್ತೆ ಎಚ್ಚೆತ್ತಳು. ಆಕೆ ಅಪ್ಪನ ಅಕ್ಕ, ಆಯಿಯ ಒಬ್ಬಳೇ ಮಗಳು.

"ಒಳ್ಳೇದಷ್ಟ ಹೇಳು. ನಿನ್ನ ಡಿಬೇಟು ಗಿಬೇಟು ಅಲ್ಲಿ ತೆಗೀಬ್ಯಾಡ."

"ಬರೇ ಒಳ್ಳೇದು ಹೇಳಿದ್ರ ಅದು ಆಯಿ ಅಂತ ಅನಸೂದಿಲ್ಲಲ್ಲತ್ತಿ."

"ಅನಸಬಾರದು ಅಂತನ ಹೇಳಾಕತ್ತೇನಿ!"

ಅತ್ತೆಯನ್ನು ತಪ್ಪೆನ್ನಲಾರೆ. ಆದರೆ ನನ್ನ ಕಷ್ಟವನ್ನೂ ನೀವು ಕೇಳಬೇಕು. ಅತ್ತೆಗೆ ಪುನರುತ್ಥಾನದ ಭರವಸೆಯಿದೆ. ಮುಂದೊಂದು ದಿನ ತಾಯಿಯನ್ನು ಇಡಿಯಾಗಿ ಕಾಣುತ್ತಾಳೆ. ನನಗೆ ಅಂಥ ಠೇವಣಿ ಇಲ್ಲ. ನನ್ನ ಪಾಲಿಗೆ ಆಯಿ ಉಳಿದಿರುವುದು ನೆನಪಿನಲ್ಲಿ ಮಾತ್ರ. ಆ ನೆನಪನ್ನೂ ಊರವರೆಲ್ಲ ಸೇರಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಚಿಟ್ಟರೆ ನನಗೇನು ಉಳಿಯಿತು? ಸಾವು ಒಮ್ಮೆ ಒಯ್ದವಳನ್ನು ಹೊಗಳಿಕೆ ಎರಡನೆಯ ಸಲ ಒಯ್ಯುತ್ತಿತ್ತು.

ಆಗ ನೆರವಿಗೆ ಬಂದದ್ದು, ತಮಾಷೆ ನೋಡಿ, ಪವಿತ್ರ ಧರ್ಮಸಭೆಯೇ. ಯಾರನ್ನಾದರೂ ಸಂತರೆಂದು ಸಾರುವ ಮೊದಲು ರೋಮಿನಲ್ಲಿ ವಿಚಾರಣೆ ನಡೆಯುತ್ತದೆ. ಹಿಂದಿನ ಕಾಲದಲ್ಲಿ ಅಲ್ಲಿ ಒಬ್ಬ ಅಧಿಕಾರಿಯಿರುತ್ತಿದ್ದ. ಸತ್ತವರ ಕುಂದುಕೊರತೆಗಳನ್ನೆಲ್ಲ ಹೆಕ್ಕಿ ತೆಗೆದು, ಇವರು ಸಂತರಲ್ಲ ಎಂದು ವಾದಿಸುವುದೇ ಅವನ ಕೆಲಸ. ಜನ ಅವನಿಗಿಟ್ಟ ಹೆಸರು ಸೈತಾನನ ವಕೀಲ. ಸೈತಾನನಿಗೂ ವಕೀಲನನ್ನು ಕೊಟ್ಟು, ಸಂಬಳವನ್ನೂ ತಾನೇ ಕೊಟ್ಟ ಸಂಸ್ಥೆಯ ಮೇಲೆ ನನಗೆ ಮೊದಲ ಬಾರಿ ಗೌರವ ಹುಟ್ಟಿತು. ಈಚೆಗೆ ಆ ಹುದ್ದೆಗೆ ಮೊದಲಿನ ಖದರು ಉಳಿದಿಲ್ಲವಂತೆ. ಶಹಾಪುರದ ಮಟ್ಟಿಗೆ ಅದನ್ನು ನಾನೇ ತುಂಬಿದೆ.

ಪೂಜೆ ಮುಗಿದು ಚರ್ಚಿನ ಅಂಗಳದ ಶಾಮಿಯಾನಾದಲ್ಲಿ ಜನ ಕುಳಿತಿದ್ದರು. ಹಿಂದೆ ಬಿರಿಯಾನಿಯ ಹಂಡೆ ಇಳಿಸುತ್ತಿದ್ದರು. ನಾನು ಎದ್ದು, ಸೈತಾನನ ವಕೀಲ ಎಂದರೆ ಯಾರೆಂದು ವಿವರಿಸಿ, "ಆ ಕೆಲಸ ಇವತ್ತು ನಂದು" ಎಂದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅದು ದುಃಖವಲ್ಲವೆಂದು ನನಗೆ ದೂರದಿಂದಲೇ ತಿಳಿಯಿತು.

ಮೊದಲ ಆಪಾದನೆ, ಸಂತರೊಬ್ಬರ ಅಕ್ರಮ ಬಂಧನ. ಕಳೆದ ವಸ್ತು ಹುಡುಕಿಕೊಡುವುದು ಸಂತ ಅಂತೋಣಿಯವರ ಜವಾಬ್ದಾರಿ. ಹಾಸ್ಟೆಲಿನ ಉಗ್ರಾಣದ ಕೀಲಿ ಕಳೆದಾಗಲೆಲ್ಲ ಆಯಿ ಗೂಡಿನಲ್ಲಿದ್ದ ಅವರ ಮೂರ್ತಿಯನ್ನು ತಂದು ಜೋಳದ ಡಬ್ಬಿಯಲ್ಲಿ ತಲೆಕೆಳಗಾಗಿ ಹುಗಿಯುತ್ತಿದ್ದಳು. "ಕೀಲಿ ಸಿಗೂತನ ಅಲ್ಲೇ ಬಿದ್ದಿರು." ಸಿಕ್ಕರೆ ಸಂತರ ಮಹಿಮೆ, ಸಿಗದಿದ್ದರೆ ಶಿಕ್ಷೆ ಸಾಲಲಿಲ್ಲ. ಎಂದಿಗೂ ಸೋಲದ ಇಂಥ ವಾದವನ್ನು ಕಟ್ಟಲು ನಾನು ವರ್ಷಗಟ್ಟಲೆ ಹೆಣಗಿದ್ದೇನೆ. "ಸಂತರನ್ನ ಲಾಕಪ್ಪಿಗೆ ಹಾಕೂದು ಪಾಪ ಅಲ್ಲೇನು?" ಎಂದು ಕೇಳಿದ್ದೆ. "ಪಾಪ ಅಲ್ಲ ಬೇ, ಸಲಗಿ ಅದು" ಎಂದಳು.

ಎರಡನೆಯದು, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ವ್ರತ. ವಿಭೂತಿ ಬುಧವಾರದಿಂದ ಆಯಿ ಚಹಾ ಬಿಡುತ್ತಿದ್ದಳು. ಚಹಾದ ಜೊತೆ ಸಮಾಧಾನವನ್ನೂ ಬಿಡುತ್ತಿದ್ದಳು. ತ್ಯಾಗ ಆಕೆಯದು, ತಪಸ್ಸು ನಮ್ಮೆಲ್ಲರದು.

ಮೂರನೆಯದು, ಅನ್ಯದೇವರಿಗೆ ವಂದನೆ. ಸುರಪುರ ದಾಟಿ ತಿಂಥಣಿಯ ಸೇತುವೆಯ ಮೇಲೆ ಬಸ್ಸು ಹೋಗುವಾಗ ಆಯಿ ಹಣೆಯಿಂದ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು, ಅದೇ ಕೈ ಜೋಡಿಸಿ ಮೌನೇಶ್ವರನ ಗುಡಿಯ ದಿಕ್ಕಿಗೆ ಮುಗಿಯುತ್ತಿದ್ದಳು. ಅನ್ಯದೇವರು ಕೂಡದೆಂಬ ಮೊದಲನೆಯ ಆಜ್ಞೆಯನ್ನು ನಾನೇ ನೆನಪಿಸಬೇಕಾಯಿತು. "ಊರಿನ ಹಿರ್ಯಾರ ಬಾಗಲ ಮುಂದ ಹಾದು ಹೋಗುವಾಗ ಶರಣು ಅನ್ನಲಿಲ್ಲಂದ್ರ ಅವರರ ಏನನಕೋಬೇಕು?" ಎಂದಳು.

ನಾಲ್ಕನೆಯದು ಎಲ್ಲಕ್ಕೂ ಭಾರವಾದದ್ದು: ಸಾಕ್ಷಾತ್ ಪ್ರಭುವಿನ ಜೊತೆ ಭಿನ್ನಾಭಿಪ್ರಾಯ. ಪ್ರಭು ಅಕ್ಕತಂಗಿಯರಿಬ್ಬರ ಮನೆಗೆ ಬಂದಾಗ ತಂಗಿ ಮರಿಯ ಅವರ ಪಾದದ ಬಳಿ ಕುಳಿತು ಉಪದೇಶ ಕೇಳಿದಳು, ಅಕ್ಕ ಮಾರ್ತ ಅಡುಗೆಮನೆಯಲ್ಲಿ ಒದ್ದಾಡಿ ಗೊಣಗಿದಳು, ಪ್ರಭು ಮರಿಯಳನ್ನೇ ಮೆಚ್ಚಿದರು ಎಂಬ ಬೈಬಲಿನ ಕಥೆಯನ್ನು ಪೂಜೆಯಲ್ಲಿ ಓದುವಾಗಲೆಲ್ಲ ಹೆಂಗಸರ ಸಾಲಿನಿಂದ ಒಂದು ಗಟ್ಟಿ ಕೆಮ್ಮು ಬರುತ್ತಿತ್ತು. ಮಾರ್ತಮ್ಮನ ಅಧಿಕೃತ ಆಕ್ಷೇಪಣೆ ಅದು. ಮನೆಗೆ ಬಂದ ಮೇಲೆ ಅದರ ವಿವರ: "ಹನ್ನೆರಡು ಮಂದಿ ಶಿಷ್ಯರನ್ನ ಕಟಗೊಂಡು ಬಂದಾರ. ಎಲ್ಲಾರೂ ಪಾದದ ಬುಡಕ ಕುಂತ್ರ ರೊಟ್ಟಿ ಬಡಿಯೋರು ಯಾರು?" ಎರಡು ಸಾವಿರ ವರ್ಷದಲ್ಲಿ ಯಾವ ಪಂಡಿತರಾದರೂ ಇದಕ್ಕೆ ಉತ್ತರ ಕೊಟ್ಟಿದ್ದಾರೋ ಏನೋ, ನನಗಂತೂ ಸಿಕ್ಕಿಲ್ಲ.

ಇಷ್ಟರಲ್ಲಿ ಫಾದರ್ ಕನ್ನಡಕ ತೆಗೆದು ಒರೆಸುವ ನೆಪದಲ್ಲಿ ನಗುತ್ತಿದ್ದರು. ಚರ್ಚಿನ ಮುದಿ ಕಾವಲುಗಾರ ಎದ್ದು ನಿಂತ. "ನಂದೂ ಒಂದು ಐತ್ರಿ. ಪೂಜಾ ಬಿಟ್ಟು ಸಿನಿಮಾಕ್ಕ ಹೊಂಟಿದ್ದೆ, ಸೈಕಲ್ ಗಾಳಿ ಬಿಟ್ಟು ನಿಂತಿದ್ಲು ಮುದುಕಿ." ಶಾಮಿಯಾನಾ ಗೊಳ್ಳೆಂದಿತು. ಆಮೇಲೆ ಒಬ್ಬರ ಮೇಲೊಬ್ಬರು. ಆ ನಗೆಯ ನಡುವೆ ಸೌಟು ಹಿಡಿದ, ಗಂಟಲು ದೊಡ್ಡದಾದ ನಮ್ಮಾಯಿ ಮತ್ತೆ ಕಾಣತೊಡಗಿದಳು. ನನ್ನ ಮೊಕದ್ದಮೆ ಗೆಲ್ಲುವ ಹಾದಿಯಲ್ಲಿತ್ತು.

ಆಗ ಎದ್ದವಳು ರೋಜಿ ಅತ್ತೆ. ನಗುತ್ತಿರಲಿಲ್ಲ.

"ನಂದೂ ಬರಕೋ. ನನ್ನ ಮದ್ವಿ ದಿನ ಮುಂಜಾನಿ ಜಡಿ ಹಾಕಾಕ ಅವ್ವ ಇರಲಿಲ್ಲ. ಹಾಸ್ಟೆಲ್ ಹುಡುಗ್ಯಾರದು ಪರೀಕ್ಷಾ ಐತಿ, ಉಪಾಸ ಹೋಗ್ತಾವು ಅಂತ ಉಪ್ಪಿಟ್ಟು ಮಾಡಾಕ ಹೋಗಿದ್ಲು. ಬಾಜೂ ಮನಿಯಾಕಿ ಬಂದು ಜಡಿ ಹಾಕಿದ್ಲು. ಆಕಿಗೆ ನನ್ನ ನೆನಪರ ಇತ್ತೋ ಇಲ್ಲೋ!"

ಇದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಒಳ್ಳೆಯದನ್ನಷ್ಟೇ ಹೇಳು ಎಂದು ಅತ್ತೆ ಪಟ್ಟು ಹಿಡಿದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಬಾಯಿ ತೆರೆದರೆ ಮೊದಲು ಹೊರಬೀಳುವುದು ಇದೇ ಎಂದು ಆಕೆಗೆ ಗೊತ್ತಿತ್ತು.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮೆಲ್ಲನೆ ಎದ್ದಳು. ಆ ಹಾಸ್ಟೆಲಿನಲ್ಲೇ ಓದಿದವಳು, ಈಗ ದೇವಾಪುರದ ಶಾಲೆಯಲ್ಲಿ ಟೀಚರು.

"ಅವತ್ತಿನ ಉಪ್ಪಿಟ್ಟು ತಿಂದಾಕಿ ನಾನ ರೀ ಅಕ್ಕಾ. ಅದರಾಗ ಉಪ್ಪ ಇರಲಿಲ್ಲ. ಮಾರ್ತಮ್ಮ ಉಪ್ಪು ಮರ್ತಿದ್ದು ಅದೊಂದ ದಿನ. ನಾವೆಲ್ಲಾ ಬೈಕೋತ ತಿಂದ್ವಿ. ಯಾಕ ಮರ್ತಿದ್ಲು ಅಂಬೋದು ಇವತ್ತು ತಿಳೀತು ನೋಡ್ರಿ."

ಅತ್ತೆ ಅವಳನ್ನೇ ನೋಡಿದಳು. "ಉಪ್ಪು ಮರ್ತಿದ್ಲಾ? ಅವ್ವ? ಖರೇನಾ?"

"ನಿಮ್ಮಾಣಿ ಖರೇನ ರೀ."

ಅತ್ತೆ ಕುರ್ಚಿಯ ಮೇಲೆ ಕುಸಿದು, ಈ ಸಲ ಸೆರಗಿನ ಅಡ್ಡಿಯಿಲ್ಲದೆ, ಅಳುತ್ತಲೋ ನಗುತ್ತಲೋ "ಉಪ್ಪು ಮರ್ತಿದ್ಲಂತ ಬೇ" ಎಂದು ಪಕ್ಕದವಳಿಗೆ ಹೇಳಿದಳು. ಈಚೆ ಪಕ್ಕದವಳಿಗೂ ಹೇಳಿದಳು.

ಇನ್ನೇನಾದರೂ ಕೇಳುವುದಿದೆಯೇ ಎಂಬಂತೆ ಫಾದರ್ ನನ್ನತ್ತ ನೋಡಿದರು. ಇತ್ತು. ಉಪ್ಪು ಮರೆಯಲು ಕಾರಣ ಹತ್ತಾರಿರಬಹುದು. ಅವಸರ ಇರಬಹುದು, ಒಲೆಯ ಹೊಗೆ ಇರಬಹುದು, ಉಪ್ಪಿನ ಡಬ್ಬಿಯೇ ಬರಿದಾಗಿದ್ದಿರಬಹುದು. ಒಂದು ಉಪ್ಪಿಲ್ಲದ ಉಪ್ಪಿಟ್ಟಿನಿಂದ ತಾಯಿಯ ಮನಸ್ಸು ಆ ಹೊತ್ತು ಎಲ್ಲಿತ್ತೆಂದು ಸಾಧಿಸುವುದು ತರ್ಕಶಾಸ್ತ್ರದ ಯಾವ ನಿಯಮಕ್ಕೂ ಒಪ್ಪುವುದಿಲ್ಲ. ಎಳೆ ಹಿಡಿದು ಜಗ್ಗಿದ್ದರೆ ಆ ಸಾಕ್ಷ್ಯ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ.

"ಪಾಟೀಸವಾಲು ಇಲ್ರೀ ಫಾದರ್" ಎಂದು ಹೇಳಿ ಕುಳಿತುಕೊಂಡೆ.