ಬಾರದವನ ಹಾಳೆ

ನಮ್ಮ ಮಾನಸಿಕ ಆಸ್ಪತ್ರೆಯ ಕಡತದ ಕೋಣೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಅಂದು ಬರಬೇಕಾದವರ ಕಡತಗಳನ್ನು ಬೆಳಿಗ್ಗೆ ಒಳಗೆ ಕಳಿಸುವುದು, ಸಂಜೆ ಎತ್ತಿಡುವುದು, ಇಷ್ಟೇ ನನ್ನ ಕೆಲಸ. ಓದುವುದಲ್ಲ. ಆದರೂ ಓದುತ್ತಿದ್ದೆ, ಸುಳ್ಳೇಕೆ ಹೇಳಲಿ. ಅದರಲ್ಲೂ ಹೂಂ ಮೇಡಂ ಬರೆದದ್ದನ್ನು.

ಅವರು ಆಪ್ತಸಮಾಲೋಚಕಿ. ರೋಗಿ ಮಾತಾಡುವಷ್ಟು ಹೊತ್ತೂ ಮೆಲ್ಲಗೆ "ಹೂಂ" ಅನ್ನುತ್ತಾರೆಂದು ಸರದಿಯಲ್ಲಿ ಕೂತವರೇ ಇಟ್ಟ ಹೆಸರು ಅದು. ಮೊದಲೆಲ್ಲ ಅವರ ಹಾಳೆ ಓದಿದರೆ ಆ ಮನುಷ್ಯ ಕಣ್ಣೆದುರು ಬಂದು ನಿಲ್ಲುತ್ತಿದ್ದ. 'ಬಾಗಿಲ ಬೀಗವನ್ನು ಏಳು ಸಲ ಜಗ್ಗಿ ನೋಡುತ್ತಾರೆ, ಆರನೆಯ ಸಲಕ್ಕೆ ಅಳು ಬರುತ್ತದೆ' ಎಂದು ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದರು. ಅಷ್ಟು ಗಮನ ಕೊಟ್ಟು ಕೇಳುವವರು ನನ್ನ ಮನೆಯಲ್ಲಂತೂ ಯಾರೂ ಇಲ್ಲ.

ಎರಡು ವರ್ಷದ ಹಿಂದೆ ಅವರ ಜೊತೆಯ ಇಬ್ಬರು ಕೆಲಸ ಬಿಟ್ಟರು. ಆ ಜಾಗಕ್ಕೆ ಯಾರೂ ಬರಲಿಲ್ಲ. ರೋಗಿಗಳು ಮಾತ್ರ ಬಂದರು. ಐವರ ಹೊರೆ ಮೂವರ ತಲೆಗೆ ಬಿತ್ತು. ಮೇಡಂಗೆ ದಿನಕ್ಕೆ ಹನ್ನೆರಡು ಜನ ಇದ್ದದ್ದು ಇಪ್ಪತ್ತಾಯಿತು, ಮೂವತ್ತಾಯಿತು. ಗಾಣದೆತ್ತಿನ ಹಾಗೆ ದುಡಿದರು. ಊಟದ ಡಬ್ಬಿ ಮುಚ್ಚಳ ತೆಗೆಯದೆ ಮನೆಗೆ ವಾಪಸು ಹೋಗುತ್ತಿತ್ತು. ಒಂದು ದಿನ ನಗುತ್ತಲೇ ಹೇಳಿದರು:

"ಅಕ್ಕಾ, ನಿನ್ನೆ ಮಗಳು ಏನೋ ಹೇಳೋಕೆ ಬಂದ್ಲು. ನಾನು 'ಕೂತ್ಕೊಳ್ಳಿ, ಹೇಳಿ' ಅಂದ್ಬಿಟ್ಟೆ. ಅವಳು ಏನೂ ಹೇಳ್ದೆ ಎದ್ದು ಹೋದ್ಲು."

ನಾನೂ ನಕ್ಕೆ. ನಗುವ ಮಾತಾಗಿರಲಿಲ್ಲ.

ಆಮೇಲೆ ಅವರ ಕಡತಗಳು ಬೇಗ ಬರತೊಡಗಿದವು. ಉಳಿದಿಬ್ಬರು ಆರು ಗಂಟೆಯವರೆಗೂ ಕಾಯಿಸಿದರೆ ಇವರದು ಮೂರಕ್ಕೇ ನನ್ನ ಮೇಜಿನ ಮೇಲೆ. "ಕೆಲಸ ಅಂದ್ರೆ ಹೀಗಿರ್ಬೇಕು" ಎಂದು ಎಲ್ಲರೆದುರು ಹೊಗಳಿ ಅಟ್ಟಕ್ಕೇರಿಸಿದವಳು ನಾನೇ. ಹಾಳೆಗಳೆಲ್ಲ ಒಂದೇ ಥರ ಇದ್ದದ್ದು ಕಣ್ಣಿಗೆ ಬಿದ್ದಿತ್ತು. ನಿದ್ದೆ ಪರವಾಗಿಲ್ಲ, ಊಟ ಪರವಾಗಿಲ್ಲ, ಸಾಯುವ ಯೋಚನೆ ಇಲ್ಲ. ಕಂಡೂ ಬಾಯಿಬಿಡಲಿಲ್ಲ. ನನಗೂ ಬೇಗ ಮನೆಗೆ ಹೋಗುವುದಿತ್ತು.

ಕಳೆದ ಮಂಗಳವಾರ ಜೋಡಿಸುವಾಗ ಒಬ್ಬ ಬಸ್ ಡ್ರೈವರನ ಹಾಳೆ ಸಿಕ್ಕಿತು. ಅಂದಿನ ತಾರೀಖು, ಮೇಡಂ ಸಹಿ, ಅವೇ ಮೂರು ಮಾತು. ಆದರೆ ಆ ಮನುಷ್ಯ ಅವತ್ತು ಬಂದೇ ಇರಲಿಲ್ಲ. ಬಂದವರ ಚೀಟಿಗಳು ನನ್ನ ಹತ್ತಿರ ಇರುತ್ತವೆ, ಅವನದು ಇರಲಿಲ್ಲ.

ಹಾಳೆ ಹಿಡಿದು ಅವರ ಕೋಣೆಗೆ ಹೋದೆ.

"ಮೇಡಂ, ಈ ಡ್ರೈವರ್ ಇವತ್ತು ಬಂದಿಲ್ವಲ್ಲ."

"ಬಂದಿದ್ರಲ್ಲ ಅಕ್ಕ, ನೀಲಿ ಅಂಗಿ..." ಎಂದವರು ತಡೆದರು. "ಅಲ್ಲ. ಅದು ಬೇರೆಯವ್ರು." ತಮ್ಮದೇ ಅಕ್ಷರವನ್ನು ನೋಡುತ್ತ ಕೂತರು. "ಯಾರೂ ಬರೋಕೆ ಮುಂಚೆ, ಬೆಳಿಗ್ಗೆನೇ ಎಲ್ಲರ ಹಾಳೆನೂ ಬರೆದಿಟ್ಬಿಡ್ತೀನಿ. ಎಷ್ಟು ತಿಂಗಳಿಂದಾನೋ ಗೊತ್ತಿಲ್ಲ."

ನನ್ನೆದುರಿಗೇ ಅವನ ಮನೆಗೆ ಫೋನ್ ಮಾಡಿದರು. ಎತ್ತಿದ್ದು ಹೆಂಡತಿ. ಗಂಡ ನಿನ್ನೆಯಿಂದ ಕೋಣೆಯ ಚಿಲಕ ತೆಗೆದಿಲ್ಲವಂತೆ. ಮೇಡಂ ಎದ್ದು ನಿಂತು, "ಅಕ್ಕಪಕ್ಕದವ್ರನ್ನ ಕರೀರಿ, ಬಾಗಿಲು ಒಡೀರಿ, ಈಗ್ಲೇ" ಎಂದು ಕೂಗಿದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಾಗಿಲು ಒಡೆದ ನೆರೆಯವರು ಐದು ಗಂಟೆಗೆ ಅವನನ್ನು ಕರೆತಂದರು. ಜೀವ ಇತ್ತು, ಅಷ್ಟೇ. ಮೇಡಂ ನೆಲದ ಮೇಲೆ ಕುಸಿದಿದ್ದ ಅವನ ಪಕ್ಕವೇ ಕೂತು, ಸಾಯಬೇಕು ಅನ್ನಿಸುತ್ತಿದೆಯಾ ಎಂದು ಕೇಳಿದರು.

"ಹೋದ ತಿಂಗಳೇ ಹೇಳಿದ್ನಲ್ಲ ಮೇಡಂ," ಎಂದ ಅವನು. "ನೀವು ಹೂಂ ಅಂದ್ರಿ."

ಅವನನ್ನು ವಾರ್ಡಿಗೆ ಸೇರಿಸಿಕೊಂಡ ಮೇಲೆ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕರೆದರು. "ಮನುಷ್ಯ ಉಳಿದ್ನಲ್ಲ. ಆ ಹಾಳೆ ತೆಗೆದ್ಹಾಕಿ, ಯಾರಿಗೆ ಗೊತ್ತಾಗುತ್ತೆ?" ಎಂದರು. ಮೂವತ್ತು ಜನರನ್ನು ಒಬ್ಬರ ಕೊರಳಿಗೆ ಕಟ್ಟಿದವರು ಇನ್ನೇನು ಹೇಳಿಯಾರು! ಮೇಡಂ ಹಾಳೆಗೆ ಅಡ್ಡಗೆರೆ ಎಳೆದು, 'ರೋಗಿಯನ್ನು ನೋಡದೆ ಬರೆದದ್ದು' ಎಂದು ಬರೆದು ಸಹಿ ಮಾಡಿದರು.

"ಇದು ಕಡತದಲ್ಲೇ ಇರ್ಲಿ ಸರ್. ನನ್ನ ಹತ್ರ ಇನ್ನು ಯಾರನ್ನೂ ಕಳಿಸ್ಬೇಡಿ. ಮೊದ್ಲು ನನ್ನನ್ನ ಯಾರಾದ್ರೂ ನೋಡ್ಬೇಕು."

ರಜೆ ಕೊಟ್ಟರು. ಅವರ ಮೂವತ್ತು ಜನರನ್ನು ಉಳಿದಿಬ್ಬರಿಗೆ ಹಂಚಿದರು.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಆ ಇಬ್ಬರೂ ಕಡತದ ಕೋಣೆಯ ಮುಂದೆ ನಿಂತಿದ್ದರು.

"ಅಕ್ಕಾ, ನಮ್ಮಿಬ್ಬರ ಈ ತಿಂಗಳ ಹಾಳೆಗಳನ್ನ ಕೊಡ್ತೀರಾ?" ಎಂದರು ಅವರಿಬ್ಬರಲ್ಲಿ ಚಿಕ್ಕವರು. "ಯಾರು ಬಂದಿದ್ರು, ಏನು ಹೇಳಿದ್ರು, ನಮಗೂ ಒಂದೂ ನೆನಪಾಗ್ತಿಲ್ಲ."